ಬಾವಿಯ ಈಜು ಸಮುದ್ರದಲ್ಲಿ ನಡೆಯಲಿಲ್ಲ

ನಾನು ಈಜು ಕಲಿತದ್ದು ಗದಗದ ಹತ್ತಿರ, ನಮ್ಮ ಹೊಲದ ಬಾವಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿ ಸೋದರಮಾವ ಮೇಲಿಂದ ದಬ್ಬಿದ್ದ. ಆಮೇಲೆ ನಮಗಿದ್ದದ್ದು ಒಂದೇ ಪಂದ್ಯ: ಉಸಿರು ಬಿಗಿಹಿಡಿದು ತಳದಲ್ಲಿ ಯಾರು ಜಾಸ್ತಿ ಹೊತ್ತು ಇರ್ತಾರೆ ಅನ್ನೋದು. ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ಸ್ನಾರ್ಕೆಲಿಂಗ್ ಮಾಡಲು, ಅಂದರೆ ಮುಖಕ್ಕೆ ಮಾಸ್ಕು ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತಾ ಸಮುದ್ರದೊಳಗೆ ನೋಡಲು, ಅಂಡಮಾನಿಗೆ ಹೊರಟಾಗ ನನ್ನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಚಿಂತೆ ಹೆಂಡತಿಯದು. ಅವಳಿಗೆ ಈಜೇ ಬರುವುದಿಲ್ಲ.

ಹದಿನೈದು ದಿನ ಮುಂಚೆಯೇ ಎರಡು ಮಾಸ್ಕು, ಎರಡು ಕೊಳವೆ ತರಿಸಿದೆ. ಬಕೀಟಿನಲ್ಲಿ ಮುಖ ಮುಳುಗಿಸಿ ಬಾಯಿಂದ ಉಸಿರಾಡುವುದು ನಮ್ಮ ಅಭ್ಯಾಸ. ನೋಡಿದ ಅವ್ವ, "ಏನ್ ಹುಚ್ಚು ಹಿಡದೈತೋ ನಿಮಗ, ಬಕೀಟಿನ್ಯಾಗ ಮಾರಿ ಇಟ್ಕೊಂಡು ಕುಂತೀರಿ" ಅಂದಳು. ನಾನು ಎರಡೇ ದಿನಕ್ಕೆ ಬಿಟ್ಟೆ. ಹೆಂಡತಿ ಬಿಡಲಿಲ್ಲ.

ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯಪುರಂ) ವಿಮಾನ, ಅಲ್ಲಿಂದ ಹ್ಯಾವ್ಲಾಕ್‌ಗೆ ಹಡಗು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಗಡಿಯಾರ ನಮ್ಮದೇ, ಆದರೆ ಊರು ಅಷ್ಟು ಪೂರ್ವಕ್ಕಿರುವುದರಿಂದ ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಹಾಗೆ ಒಂಬತ್ತಕ್ಕೆ ನಾಷ್ಟಾ ಮಾಡಿ ಹೊರಡೋಣ ಅಂದರೆ ಅರ್ಧ ದಿನ ಹೋಯಿತು. ನಾವು ಬೆಳಿಗ್ಗೆಯೇ ದೋಣಿ ಹತ್ತಿ ಎಲಿಫೆಂಟ್ ಬೀಚಿಗೆ ಹೋದೆವು.

ಮೊದಲ ತೊಂದರೆ ಮೀಸೆಯದು. ಮಾಸ್ಕಿನ ರಬ್ಬರು ಕೂದಲಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ನೀರು ಬರುತ್ತದೆ. ಮೀಸೆ ಬೋಳಿಸುವ ಮಾತೇ ಇಲ್ಲ. ಅದಕ್ಕೇ ದಪ್ಪಗೆ ವ್ಯಾಸಲೀನ್ ಮೆತ್ತಿದೆ. ಗಾಜು ಮಂಜಾಗದಿರಲು ಒಳಗೆ ಉಗುಳಿ, ಬೆರಳಿಂದ ಉಜ್ಜಿ, ಸಮುದ್ರದ ನೀರಲ್ಲಿ ಒಮ್ಮೆ ತೊಳೆಯಬೇಕು. ಹೆಂಡತಿ ಮೊದಲು "ಛೀ" ಅಂದಳು, ಎರಡನೇ ಸಲ ತಾನೇ ಉಗುಳಿದಳು.

ನೀರಿಗಿಳಿದಾಗ ನನ್ನ ಬಾವಿಬುದ್ಧಿ ಎದ್ದಿತು. ಮುಖ ನೀರಿಗೆ ತಾಗಿದ್ದೇ ತಡ, ಉಸಿರು ತಾನಾಗಿಯೇ ನಿಂತುಬಿಟ್ಟಿತು. ಕೊಳವೆ ಬಾಯಲ್ಲೇ ಇದೆ, ಗಾಳಿಯೂ ಇದೆ, ಆದರೆ ಎಳೆದುಕೊಳ್ಳಲು ಎದೆ ಒಪ್ಪುತ್ತಿಲ್ಲ. ಅರ್ಧ ನಿಮಿಷಕ್ಕೆ ಗಾಬರಿಯಾಗಿ ತಲೆ ಎತ್ತಿದೆ, ಉಪ್ಪುನೀರು ಕುಡಿದೆ. ಗೈಡ್ ಹುಡುಗ "ಸಾಂಸ್ ಮತ್ ರೋಕೋ" (ಉಸಿರು ಬಿಗಿಹಿಡೀಬೇಡಿ) ಅಂತ ಹತ್ತು ಸಲ ಹೇಳಿದ. ಪಕ್ಕದಲ್ಲಿ ಲೈಫ್ ಜಾಕೆಟ್ ಹಾಕಿಕೊಂಡ ಹೆಂಡತಿ ಕಟ್ಟಿಗೆ ಹಾಗೆ ತೇಲುತ್ತಾ ಹಾಯಾಗಿ ನೋಡುತ್ತಿದ್ದಳು!

ಆಮೇಲೆ ಗೊತ್ತಾಯಿತು, ಇಲ್ಲಿ ಈಜು ಎರಡನೆಯದು. ಉಪ್ಪುನೀರು ಬಾವಿಯ ನೀರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಸುಮ್ನೆ ಮಲಗಿದರೆ ಸಾಕು. ಉಸಿರು ಮಾತ್ರ ನಿಧಾನವಾಗಿ, ಆಳವಾಗಿ ಇರಬೇಕು. ಸಣ್ಣ ಸಣ್ಣ ಉಸಿರು ತೆಗೆದರೆ ಕೊಳವೆಯಲ್ಲಿ ಉಳಿದ ಹಳೇ ಗಾಳಿಯೇ ಮತ್ತೆ ಒಳಗೆ ಬರುತ್ತದೆ. ಕೊಳವೆಗೆ ನೀರು ನುಗ್ಗಿದರೆ ಒಲೆ ಮುಂದೆ ಊದುಗೊಳವೆ ಹಿಡಿದಂತೆ ಒಂದೇ ಸಲ ಜೋರಾಗಿ ಊದಬೇಕು.

ಉಸಿರು ಹದಕ್ಕೆ ಬಂದ ಮೇಲೆ ಕಿವಿಗೆ ಏನೋ ಕಟಕಟ ಅಂತ ಕೇಳಿಸಿತು. ಯಾರೋ ಹುರಿದ ಕಡಲೆ ಅಗಿಯುತ್ತಿರುವ ಹಾಗೆ. ನೋಡಿದರೆ ಗಿಳಿಹಸಿರು ಬಣ್ಣದ ಪ್ಯಾರಟ್ ಫಿಶ್, ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆಯುತ್ತಿತ್ತು. ತಿಂದ ಹವಳ ಹಿಂದಿನಿಂದ ಬಿಳಿ ಮರಳಾಗಿ ಬೀಳುತ್ತಿತ್ತು. ನಾವು ಬೆಳಿಗ್ಗೆ ಬರಿಗಾಲಲ್ಲಿ ತುಳಿದ ಬೀಚಿನಲ್ಲೂ ಇದರ ಪಾಲು ಇದ್ದೇ ಇರುತ್ತದೆ.

ಹವಳ ಕಲ್ಲಲ್ಲ, ಜೀವ. ಮೇಲೆ ಕಾಲೂರಬಾರದು. ದಡದಲ್ಲಿ ಬಿದ್ದ ಚೂರನ್ನೂ ಹೆಕ್ಕಿ ತರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಇದೆ. ಹೆಂಡತಿ ಕೈಯಲ್ಲಿದ್ದದ್ದನ್ನು ಅಲ್ಲೇ ಇಡಿಸಿದೆ.

ಒಂದು ಮಾತ್ರ ಮರೆತಿದ್ದೆ. ಮುಖ ಕೆಳಗೆ ಅಂದರೆ ಬೆನ್ನು ಬಿಸಿಲಿಗೆ, ಅಲ್ವಾ? ಅವಳು ತುಂಬುತೋಳಿನ ಟೀಶರ್ಟ್ ಹಾಕಿದ್ದಳು, ನಾನು ಬನಿಯನ್. ಭುಜ, ಮೊಣಕಾಲ ಹಿಂಭಾಗ ಎಲ್ಲ ಕೆಂಪಗೆ ಸುಟ್ಟು, ಬೆಂಗಳೂರಿಂದ ಗದಗದವರೆಗೆ ರೈಲಿನಲ್ಲಿ ಒರಗದೆ ಕೂತು ಬಂದೆ. ಮನೆಯಲ್ಲಿ ಅವ್ವ ಮೊಸರು ಹಚ್ಚುತ್ತಾ, "ಬಕೀಟಿನ್ಯಾಗ ಇಷ್ಟು ಬಿಸಲಿರಲಿಲ್ಲ ನೋಡು" ಅಂದಳು.