ಮಿದುಳು, ನರ, ಬೆನ್ನುಹುರಿ: ನಿಮ್ಮ ಮೈಮೇಲೇ ನಕ್ಷೆ ಓದುವುದು ಹೇಗೆ?

ಮಿದುಳಿನ ರಚನೆ ಕಲಿಯಲು ಕೂತವರು ಸಾಮಾನ್ಯವಾಗಿ ಪುಸ್ತಕದ ಬಣ್ಣದ ಚಿತ್ರದಿಂದ ಶುರು ಮಾಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಹೆಸರುಗಳೆಲ್ಲ ಕಲಸಿಹೋಗುತ್ತವೆ. ನನ್ನ ಸಲಹೆ ಬೇರೆ. ರಕ್ತ ಹೋಗುವ ದಾರಿಯನ್ನು ಮೊದಲು ಹಿಡಿಯಿರಿ, ಅದೂ ನಿಮ್ಮದೇ ಕುತ್ತಿಗೆಯಿಂದ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದರೆ ಈ ದಾರಿ ಗೊತ್ತಿರಲೇಬೇಕು. ಲಕ್ವ (ಸ್ಟ್ರೋಕ್) ಹೊಡೆದಾಗ ಯಾವ ಅಂಗ ಸೋತಿದೆ ಎಂಬುದು, ಮಿದುಳಿನ ಯಾವ ರಕ್ತನಾಳಕ್ಕೆ ತೊಂದರೆಯಾಗಿದೆ ಎಂಬುದರ ಸುಳಿವು ಕೊಡುತ್ತದೆ.

ಹೆಜ್ಜೆ 1: ಕುತ್ತಿಗೆ ಮುಟ್ಟಿ ನೋಡಿ

ಗಂಟಲಮಣಿಯ ಪಕ್ಕ ಎರಡು ಬೆರಳಿಟ್ಟು ತುಸು ಹಿಂದಕ್ಕೆ ಸರಿಸಿ. ಬಡಿಯುತ್ತಿರುವುದು ಕ್ಯಾರೋಟಿಡ್ ಅಪಧಮನಿ. ಒಂದು ಸಲಕ್ಕೆ ಒಂದೇ ಬದಿ, ಅದೂ ಹಗುರವಾಗಿ. ಎರಡೂ ಕಡೆ ಒಟ್ಟಿಗೆ ಒತ್ತಬಾರದು, ತಿಕ್ಕಲೂಬಾರದು. ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಇದು ಎರಡಾಗಿ ಒಡೆದು, ಒಂದು ಕವಲು ಮುಖಕ್ಕೂ ಇನ್ನೊಂದು ಮಿದುಳಿಗೂ ಹೋಗುತ್ತದೆ.

ಬೆರಳಿಗೆ ಸಿಗದ ಇನ್ನೊಂದು ಜೋಡಿ ಹಿಂದುಗಡೆ ಇದೆ. ಕತ್ತಿನ ಮೂಳೆಗಳ ಪಕ್ಕದ ತೂತುಗಳ ಒಳಗಿಂದ, ಆರನೇ ಮೂಳೆಯಿಂದ ಒಂದನೆಯದರವರೆಗೆ ಹತ್ತಿ ಬರುವ ವರ್ಟಿಬ್ರಲ್ ಅಪಧಮನಿಗಳು. ಕ್ಷೌರ ಮುಗಿದ ಮೇಲೆ ಕತ್ತು ಹಿಡಿದು ಲಟಕ್ಕನೆ ತಿರುಗಿಸುವುದನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಅಪರೂಪಕ್ಕೆ ಆ ಎಳೆತಕ್ಕೆ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಚಿಕ್ಕ ವಯಸ್ಸಿನವರಿಗೂ ಸ್ಟ್ರೋಕ್ ಆಗುವುದುಂಟು.

ಹೆಜ್ಜೆ 2: ಉಂಗುರ ಬರೆಯಿರಿ

ಹಾಳೆ ತೆಗೆದುಕೊಂಡು, ಮಿದುಳನ್ನು ತಳದಿಂದ ನೋಡುತ್ತಿದ್ದೇವೆ ಎಂದುಕೊಳ್ಳಿ. ಕೆಳಗಿನಿಂದ ಬರುವ ಎರಡು ಗೆರೆಗಳನ್ನು (ಇವು ವರ್ಟಿಬ್ರಲ್‌ಗಳು) ಕೂಡಿಸಿ ಒಂದು ಮಾಡಿ, ಅದು ಬೇಸಿಲಾರ್. ಅದರ ಮೇಲ್ತುದಿಯನ್ನು ಎರಡಾಗಿ ಸೀಳಿದರೆ ಹಿಂದಿನ ಸೆರೆಬ್ರಲ್ ಅಪಧಮನಿಗಳು. ಸ್ವಲ್ಪ ಮೇಲೆ ಎಡಕ್ಕೊಂದು ಬಲಕ್ಕೊಂದು ಚುಕ್ಕಿ ಇಡಿ, ಅವು ಕ್ಯಾರೋಟಿಡ್‌ಗಳು. ಪ್ರತಿ ಚುಕ್ಕಿಯಿಂದ ಹೊರಗಡೆಗೆ ಒಂದು ಗೆರೆ (ನಡುವಿನದು), ಮುಂದಕ್ಕೆ ಒಂದು ಗೆರೆ (ಮುಂದಿನದು). ಈಗ ಮುಂದಿನವೆರಡನ್ನು ಗಿಡ್ಡ ಗೆರೆಯಿಂದ ಜೋಡಿಸಿ, ಚುಕ್ಕಿಗಳನ್ನು ಹಿಂದಿನವಕ್ಕೆ ಕೂಡಿಸಿ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ ಉಂಗುರ ಇದೇ. ಒಂದು ದಾರಿ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಬರಲು ಇದು ಅನುಕೂಲ. ಆದರೆ ಎಲ್ಲರಲ್ಲೂ ಉಂಗುರ ಪೂರ್ತಿಯಾಗಿರುವುದಿಲ್ಲ, ಹಾಗಾಗಿ ಅದನ್ನೇ ನಂಬಿ ಕೂರುವಂತಿಲ್ಲ.

ಬೆಂಗಳೂರಿನವರಿಗೆ ಒಂದು ಭಾಗ್ಯವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳುಗಳನ್ನು ಕಣ್ಣಾರೆ ಕಾಣಬಹುದು. ದಿನ, ಸಮಯ ವಿಚಾರಿಸಿಕೊಂಡು ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹೆಜ್ಜೆ 3: ಯಾವ ನಾಳ, ಯಾವ ಅಂಗ

ಮಿದುಳಿನ ತೂಕ ಸುಮಾರು 1.4 ಕಿಲೋ, ಮೈತೂಕದ ಶೇ 2ರಷ್ಟು ಮಾತ್ರ. ಆದರೂ ದೇಹ ಬಳಸುವ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಶಕ್ತಿಯಂತೂ ಇಲ್ಲ. ರಕ್ತ ನಿಂತ ಜಾಗದಲ್ಲಿ ನಿಮಿಷಗಳಲ್ಲೇ ಜೀವಕೋಶಗಳು ಸಾಯತೊಡಗುತ್ತವೆ.

ನಡುವಿನ ನಾಳ ಮಿದುಳಿನ ಹೊರಮೈಗೆ ರಕ್ತ ಕೊಡುತ್ತದೆ. ಮುಖ, ಕೈ, ಮಾತು ಅಲ್ಲಿಯವು. ಬಾಯಿ ಸೊಟ್ಟಗಾಗಿ, ಕೈ ಜೋತುಬಿದ್ದು, ನಾಲಿಗೆ ತೊದಲಿದರೆ ಮೊದಲ ಅನುಮಾನ ಇದರ ಮೇಲೆ. ಮುಂದಿನದು ಕಟ್ಟಿದರೆ ಕಾಲು ಹೆಚ್ಚು ಸೋಲುತ್ತದೆ. ಹಿಂದಿನದರಲ್ಲಿ ದೃಷ್ಟಿಯ ಒಂದು ಪಕ್ಕ ಮಾಯವಾಗುತ್ತದೆ. ಬೇಸಿಲಾರ್ ಕಡೆಯ ತೊಂದರೆಯಲ್ಲಿ ತಲೆಸುತ್ತು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ನುಂಗಲಾಗದಿರುವುದು.

ಮಿದುಳಿನಿಂದ ಇಳಿಯುವ ಚಲನೆಯ ತಂತುಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಅಡ್ಡ ದಾಟುತ್ತವೆ. ಹಾಗಾಗಿ ಬಲಗೈ ಸೋತರೆ ಪೆಟ್ಟು ಎಡ ಮಿದುಳಿಗೆ. ಬಹುತೇಕರಲ್ಲಿ ಮಾತಿನ ಕೇಂದ್ರವೂ ಎಡಗಡೆಯೇ. ಬಲಗೈ ಮತ್ತು ಮಾತು ಒಟ್ಟಿಗೆ ಹೋಗುವುದು ಇದರಿಂದಲೇ.

ಇಂಥ ಹೊತ್ತಲ್ಲಿ ‘ಸುಸ್ತು ಇರಬೇಕು, ಮಲಗಿ ಎದ್ದರೆ ಸರಿಹೋಗುತ್ತೆ’ ಎನ್ನಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಆ ಹೊತ್ತನ್ನು ಬರೆದುಕೊಳ್ಳಿ. ಸಂಜೆಯ ಟ್ರಾಫಿಕ್‌ನಲ್ಲಿ ಅದರಲ್ಲಿ ಎಷ್ಟು ಕರಗುತ್ತದೆಂದು ನಿಮಗೇ ಗೊತ್ತು. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ: ನಾಳ ಕಟ್ಟಿದೆಯೋ ಒಡೆದು ರಕ್ತ ಸೋರಿದೆಯೋ ಎಂಬುದು ಸ್ಕ್ಯಾನ್ ಆಗದೆ ತಿಳಿಯದು.

ಹೆಜ್ಜೆ 4: ಬೆನ್ನಿನ ಮೇಲೆ ಕೈಯಾಡಿಸಿ

ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವುದು ಸಾಮಾನ್ಯವಾಗಿ ಕತ್ತಿನ ಏಳನೇ ಮೂಳೆ. ಅಲ್ಲಿಂದ ಕೆಳಗಿಳಿಯಿರಿ. ಎರಡೂ ಸೊಂಟದ ಮೂಳೆಗಳ ಮೇಲಂಚನ್ನು ಕೂಡಿಸಿದರೆ ಸಿಗುವುದು ಬೆನ್ನೆಲುಬಿನ ಸೊಂಟದ ಭಾಗದ ನಾಲ್ಕನೇ ಮೂಳೆಯ ಮಟ್ಟ. ದೊಡ್ಡವರಲ್ಲಿ ಬೆನ್ನುಹುರಿ ಅಷ್ಟು ಕೆಳಗೆ ಬರುವುದೇ ಇಲ್ಲ. ಸುಮಾರು 45 ಸೆಂ.ಮೀ. ಉದ್ದವಿದ್ದು, ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅದರಾಚೆ ತೇಲುವುದು ಬಿಡಿ ನರಗಳ ಗೊಂಚಲು. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕುವುದು ಹುರಿ ಮುಗಿದ ಮೇಲಿನ ಈ ಜಾಗಕ್ಕೆ. ‘ಹುರಿಗೆ ಚುಚ್ಚಿಬಿಡ್ತಾರೆ’ ಎಂದು ಹೆದರುವ ಗರ್ಭಿಣಿಯರ ಮನೆಯವರಿಗೆ ಇದನ್ನು ಬೆರಳಿಟ್ಟು ತೋರಿಸಿ.

ಹೆಜ್ಜೆ 5: ಚರ್ಮದ ಮೇಲಿನ ಗುರುತು

ಮಿದುಳಿನಿಂದ ನೇರ ಹೊರಡುವ ನರಗಳು 12 ಜೋಡಿ, ಬೆನ್ನುಹುರಿಯಿಂದ 31 ಜೋಡಿ. ಹುರಿಯ ಮುಂದಿನ ಬೇರು ಚಲನೆಗೆ, ಹಿಂದಿನದು ಸ್ಪರ್ಶಕ್ಕೆ. ಹೆಬ್ಬೆರಳು ಕತ್ತಿನ ಆರನೇ ನರದ ಪಾಲು, ಕಿರುಬೆರಳು ಎಂಟನೆಯದರ ಪಾಲು, ಹೊಕ್ಕುಳು ಎದೆಯ ಹತ್ತನೆಯದರ ಪಾಲು. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೇ ಗೊತ್ತಾಗುತ್ತಿಲ್ಲವೆಂದರೆ ಹುರಿಗೆ ಎಲ್ಲಿ ಪೆಟ್ಟಾಗಿದೆ ಎಂದು ವೈದ್ಯರು ಅಂದಾಜಿಸುವುದು ಹೀಗೆ.

ಉಸಿರಾಟದ ವಪೆಯನ್ನು ನಡೆಸುವ ನರ ಹೊರಡುವುದು ಕತ್ತಿನ ಮೂರು, ನಾಲ್ಕು, ಐದನೇ ಮಟ್ಟದಿಂದ. ಬೈಕಿನಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಆಟೋದೊಳಗೆ ಮಡಚಿ ಕೂರಿಸಿದರೆ, ಮುರಿದ ಕತ್ತಿನ ಮೂಳೆ ಅಲ್ಲೇ ಹುರಿಯನ್ನು ಒತ್ತಬಹುದು. ಬೆಂಕಿ, ವಾಹನಗಳ ಅಪಾಯವಿಲ್ಲದಿದ್ದರೆ ಬಿದ್ದಲ್ಲೇ ಬಿಡಿ. ತಲೆಯನ್ನು ಎರಡೂ ಕೈಯಿಂದ ಅಲುಗಾಡದಂತೆ ಹಿಡಿದು, ಬೆರಳು ಆಡಿಸಲು ಆಗುತ್ತಿದೆಯೇ ಎಂದು ಕೇಳಿ, ಆಂಬುಲೆನ್ಸ್ ಬಂದ ಕೂಡಲೇ ಅವರಿಗೆ ಅದನ್ನು ತಿಳಿಸಿ.