ಕಾಲು ಕಳಚಿ ಒಯ್ಯುವ ರೋಮನ್ ತಗ್ಗು ಬೆಂಚು

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹೂತುಹಾಕಿದ ರೋಮನ್ ಪಟ್ಟಣ ಹರ್ಕ್ಯುಲೇನಿಯಮ್‌ನ ಭಿತ್ತಿಚಿತ್ರವೊಂದರಲ್ಲಿ ಮರಗೆಲಸಕ್ಕೆ ಬಳಸಿರುವುದು ಇಂಥದೇ ತಗ್ಗು ಬೆಂಚು. ಇದಕ್ಕೆ ಮರವನ್ನು ಬಿಗಿಹಿಡಿಯುವ ತಿರುಪಿನ ವೈಸ್ ಇಲ್ಲ. ಕೂತವರ ಮೈಭಾರವೇ ಹಿಡಿತ. ನೆಲದಲ್ಲಿ ಕೂತು ಕಾಲಲ್ಲಿ ಮರ ಅದುಮಿ ಹಿಡಿಯುವ ನಮ್ಮ ಬಡಗಿಗಳಿಗೆ ಇದು ಹೊಸದೆನಿಸದು.

ಹಲಗೆ 5 ಅಡಿ ಉದ್ದ, 11 ಇಂಚು ಅಗಲ, ಎರಡೂವರೆ ಇಂಚು ದಪ್ಪ ಇರಲಿ. ಸಾಗುವಾನಿಯಾದರೆ ಸುಮಾರು 18 ಕಿಲೋ ತೂಗುತ್ತದೆ, ಹೆಗಲಿಗೇರಿಸಬಹುದು. ಹಲಸೂ ಆದೀತು. ಕಾಂಡದ ನಟ್ಟನಡುವಿನ ಮೆತ್ತನೆ ತಿರುಳಿರುವ ಹಲಗೆ ಮಾತ್ರ ಬೇಡವೇ ಬೇಡ, ಒಣಗುತ್ತ ನಡುವೆ ಬಿರಿಯುತ್ತದೆ. ಕಾಲಿಗೆ ಕರಿಜಾಲಿ ಒಳ್ಳೆಯದು: 20 ಇಂಚು ಉದ್ದ, ಎರಡೂಕಾಲು ಇಂಚು ದಪ್ಪ, ಎಂಟು ಮೂಲೆ. ಕೊಯ್ಯುವ ಬದಲು ಸೀಳಿ ತೆಗೆದರೆ ಎಳೆ ಉದ್ದಕ್ಕೂ ನೇರ ಬರುತ್ತದೆ. ಎಳೆ ಓರೆಯಾದ ಕಾಲು ಕುತ್ತಿಗೆಯಲ್ಲೇ ಮುರಿಯುತ್ತದೆ.

ಹಲಗೆಯ ಅಡಿಭಾಗದಲ್ಲಿ ತುದಿಯಿಂದ 8 ಇಂಚು, ಅಂಚಿನಿಂದ ಎರಡೂವರೆ ಇಂಚು ಒಳಗೆ ನಾಲ್ಕು ಗುರುತು ಹಾಕಿ. ತುದಿಗೆ ಇನ್ನೂ ಹತ್ತಿರ ಕೊರೆದರೆ ಕಾಲು ಬಡಿಯುವಾಗ ಹಲಗೆ ಸೀಳೀತು. ಪ್ರತಿ ಗುರುತಿನಿಂದ ನಡುಗೆರೆಯತ್ತ 45 ಡಿಗ್ರಿಯಲ್ಲಿ ಗೆರೆ ಎಳೆದು, ಅದರ ಗುಂಟ ಬೈರಿಗೆಯ ಹಿಡಿಯನ್ನು 15 ಡಿಗ್ರಿ ಹೊರಕ್ಕೆ ವಾಲಿಸಿ ಒಂದೂಕಾಲು ಇಂಚಿನ ತೂತು ಕೊರೆಯಿರಿ. ಮೊನೆ ಮೇಲೆ ಇಣುಕಿದೊಡನೆ ನಿಲ್ಲಿಸಿ, ಉಳಿದದ್ದನ್ನು ಆ ಕಡೆಯಿಂದ ಮುಗಿಸಿ. ಇಲ್ಲದಿದ್ದರೆ ಸಿಬಿರು ಏಳುತ್ತದೆ.

ಇಡೀ ಬೆಂಚಿನ ಗುಟ್ಟು ಮುಂದಿನ ಹಂತದಲ್ಲಿದೆ. ತೂತನ್ನು ಅಡಿಯಲ್ಲಿ ಒಂದೂವರೆ ಇಂಚಿಗೆ ಅಗಲಿಸಿ, ಮೇಲೆ ಒಂದೂಕಾಲೇ ಉಳಿಯಲಿ. ಅದೇ ಇಳಿಜಾರಿನ ಗಟ್ಟಿಮರದ ಗೂಟಕ್ಕೆ ಉದ್ದ ಸೀಳು ಹಾಕಿ, ಹಳೆ ಗರಗಸದ ತುಂಡನ್ನು ಕೂದಲೆಳೆಯಷ್ಟು ಹೊರಚಾಚುವಂತೆ ಸಿಕ್ಕಿಸಿದರೆ ತೂತು ಕೆರೆಯುವ ಉಪಕರಣ ಸಿದ್ಧ. ಕಾಲಿನ ತಲೆಯನ್ನೂ ಅದೇ ಅಳತೆಗೆ ಕೀಸಿ, ಪೆನ್ಸಿಲ್ ಬಳಿದು ತೂತಿನಲ್ಲಿ ತಿರುಗಿಸಿ. ಮಸಿ ಅಳಿಸಿದಲ್ಲೆಲ್ಲ ಉಬ್ಬಿದೆ, ಅಲ್ಲಿ ಮಾತ್ರ ಕೀಸಬೇಕು. ಕಾಲು ಹಲಗೆಗಿಂತ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ತಲೆ ಮೇಲ್ಮೈಗಿಂತ ಕಾಲಿಂಚು ಕೆಳಗೇ ನಿಲ್ಲಲಿ. ಅಂಟು ಹಾಕಬೇಡಿ, ಕೂತಷ್ಟೂ ಬಿಗಿಯುತ್ತದೆ. ಕಳಚಬೇಕೆಂದಾಗ ಮೇಲಿನಿಂದ ಒಂದಿಂಚಿನ ಮರದ ಗೂಟವಿಟ್ಟು ಕೊಡತಿಯಿಂದ ಒಂದೇಟು ಸಾಕು. ಕಾಲಿಗೂ ತೂತಿಗೂ ಜೋಡಿ ನಂಬರು ಬರೆದಿಡಿ, ಅದಲುಬದಲಾದರೆ ಕೂರುವುದಿಲ್ಲ.

ಸಮನೆಲದಲ್ಲಿ ಬೆಣೆ ಕೊಟ್ಟು ಹಲಗೆಯನ್ನು ಮಟ್ಟ ಮಾಡಿ, ಒಂದೇ ಎತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿಗೆ ಗೆರೆ ಎಳೆದು ಕೊಯ್ಯಿರಿ. ಒಟ್ಟು ಎತ್ತರ 17 ಇಂಚು ಸಾಕು. ಪಾದ ನೆಲಕ್ಕೆ ತಾಗದಿದ್ದರೆ ಮರ ಹೆರೆಯುವ ತೋಪಡ ಹಿಡಿಯುವಾಗ ಬಲ ಬರುವುದಿಲ್ಲ.

ಮುಂತುದಿಯಿಂದ 3 ಇಂಚಿಗೆ ಒಂದೂವರೆ ಇಂಚಿನ ಚೌಕ ತೂತು ಮಾಡಿ ಗಟ್ಟಿಯಾಗಿ ಕೂರುವ ಮರದ ತಡೆ ಹಾಕಿ. ಬೆಂಚಿನ ಎರಡೂ ಬದಿಗೆ ಒಂದೊಂದು ಕಾಲು ಹಾಕಿ ಕೂತು, ಮರವನ್ನು ಅದಕ್ಕೆ ಒತ್ತಿ ಹೆರೆಯಿರಿ. ತಡೆ ಮರಕ್ಕಿಂತ ತಗ್ಗಿರಲಿ, ಇಲ್ಲವೇ ತೋಪಡದ ಅಲಗು ಬಡಿಯುತ್ತದೆ. ಹಿಂತುದಿಗೆ 3 ಇಂಚು ಆಳದ ಕಚ್ಚು ಕೊಯ್ದು, ಅದರಲ್ಲಿ ಹಲಗೆ ನಿಲ್ಲಿಸಿ ಬೆಣೆ ಬಡಿದರೆ ತುದಿಯ ಕೊಯ್ತಕ್ಕೆ ಅದೇ ವೈಸು.