ಹನ್ನೊಂದು ವರ್ಷ ನಿಂತಿದ್ದ ಬೈಕನ್ನು ಮತ್ತೆ ರಸ್ತೆಗೆ ಇಳಿಸುವುದು

ಮಾವನ ಬೈಕು ಹನ್ನೊಂದು ವರ್ಷ ಕದಲದೆ ನಿಂತಿತ್ತು. 125 ಸಿಸಿ, ಫೋರ್ ಸ್ಟ್ರೋಕ್, ಒಂದೇ ಸಿಲಿಂಡರ್, ಹಿಂದೆ ಮುಂದೆ ಡ್ರಮ್ ಬ್ರೇಕ್, ಕಿಕ್ ಹೊಡೆದೇ ಸ್ಟಾರ್ಟ್ ಮಾಡಬೇಕು. ಟೈರಿನ ಗಾಳಿ ಪೂರ್ತಿ ಇಳಿದು ರಬ್ಬರ್ ಬಿರುಕು ಬಿಟ್ಟಿತ್ತು. ಸೀಟಿನ ಫೋಮ್ ಕಡಿದು ಇಲಿಗಳು ಗೂಡು ಕಟ್ಟಿದ್ದವು. ಟ್ಯಾಂಕಿನ ಮುಚ್ಚಳ ತೆಗೆದರೆ ಮೂಗಿಗೆ ಅಡರುವ ಹುಳಿ ವಾಸನೆ. “ಬೇಕಿದ್ರೆ ತಗೊಂಡು ಹೋಗು. ಗುಜರಿಗೆ ಮಾತ್ರ ಹಾಕಬೇಡ” ಅಂದರು ಮಾವ.

ಬರೀ ಭಾನುವಾರಗಳಲ್ಲಿ ಕೆಲಸ ಮಾಡಿದ್ದರಿಂದ ಎಂಟು ತಿಂಗಳು ಹಿಡಿಯಿತು. ಈಗ ದಿನಾ ಅದರಲ್ಲೇ ಓಡಾಡುತ್ತೇನೆ. ನಾನು ಹಿಡಿದ ಕ್ರಮ ಇದು: ಮೊದಲು ಎಂಜಿನ್ ತಿರುಗಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು, ಆಮೇಲೆ ಗಾಡಿ ಓಡಬೇಕು, ಅಂದಚಂದ ಎಲ್ಲ ಕೊನೆಗೆ. ಬಣ್ಣದಿಂದ ಶುರು ಮಾಡಿದ ಗಾಡಿಗಳು ಹೊಳೆಯುವ ಟ್ಯಾಂಕ್ ಹೊತ್ತುಕೊಂಡು ಮೂಲೆಯಲ್ಲೇ ಉಳಿದಿರುವುದನ್ನು ನೋಡಿದ್ದೇನೆ. ನೋಡಿದರೆ ಸಂಕಟವಾಗುತ್ತದೆ.

ಗಾಡಿ ನಿಮ್ಮದಲ್ಲದಿದ್ದರೆ ಪಾನ (ಸ್ಪ್ಯಾನರ್) ಹಿಡಿಯುವ ಮೊದಲು ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾಗದಪತ್ರದ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಆ ಗಾಡಿ ಬೇಡ.

ಸಿಕ್ಕ ಕೂಡಲೇ ಎಲ್ಲರ ಕಾಲೂ ಕಿಕ್ಕರ್ ಮೇಲೆ ಹೋಗುತ್ತದೆ. ದಯವಿಟ್ಟು ಕಿಕ್ ಹೊಡೆಯಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆ ಇಳಿದುಹೋಗಿ ತುಕ್ಕು ಕೂತಿರುತ್ತದೆ. ಪಿಸ್ಟನ್ ರಿಂಗುಗಳು ಅದಕ್ಕೆ ಕಚ್ಚಿಕೊಂಡಿರುತ್ತವೆ. ಜೋರಾಗಿ ಒದ್ದರೆ ರಿಂಗು ಮುರಿಯಬಹುದು, ಇಲ್ಲವೇ ತುಕ್ಕಿನ ಪುಡಿ ಸಿಲಿಂಡರಿನ ಒಳಮೈಯಾದ ಬೋರನ್ನೇ ಗೀರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಮೂರು ಚಮಚ ಎಂಜಿನ್ ಆಯಿಲ್ ಬಿಡಿ. ತುಂಬಾ ವರ್ಷ ನಿಂತಿದ್ದರೆ ಆಯಿಲ್‌ಗೆ ಅರ್ಧ ಡೀಸೆಲ್ ಬೆರೆಸಿದರೆ ಚೆನ್ನಾಗಿ ಒಳಗೆ ಇಳಿಯುತ್ತದೆ. ತೂತಿಗೆ ಬಟ್ಟೆ ತುರುಕಿ ಎರಡು ಮೂರು ದಿನ ಹಾಗೇ ಬಿಡಿ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ. ಟಾಪ್ ಗೇರಿನಲ್ಲಿ ನಿಮ್ಮ ಕೈಬಲ ಎಂಜಿನ್‌ಗೆ ಮೆಲ್ಲಗೆ ತಲುಪುತ್ತದೆ, ಕಿಕ್ಕರಿನ ಹಾಗೆ ಏಟು ಬೀಳುವುದಿಲ್ಲ. ಮೊದಲ ದಿನ ನನ್ನ ಚಕ್ರ ಅಲ್ಲಾಡಲೇ ಇಲ್ಲ. ಮತ್ತೆ ಎಣ್ಣೆ ಬಿಟ್ಟೆ. ಐದನೆಯ ದಿನ ಸಂಜೆ ಟೈರನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿರುವಾಗ ಎಲ್ಲೋ ಒಳಗೆ ಸಣ್ಣಗೆ ‘ಚಟ್’ ಅಂದಿತು. ಚಕ್ರ ಒಂದು ಬೆರಳಿನಷ್ಟು ಸರಿಯಿತು. ಇನ್ನೊಂದು ಬೆರಳು. ಆಮೇಲೆ ಪ್ಲಗ್ ತೂತಿನಿಂದ ಕಂದು ಬಣ್ಣದ ಎಣ್ಣೆ ಬುಸ್ ಎಂದು ಹಾರಿ ನನ್ನ ಅಂಗಿಗೆಲ್ಲ ಬಿತ್ತು. ಆ ಅಂಗಿಯನ್ನು ನಾನಿನ್ನೂ ಎಸೆದಿಲ್ಲ.

ಬಿಚ್ಚುವ ಕೆಲಸದಲ್ಲಿ ಅವಸರ ಬೇಡ. ಒಂದೊಂದು ಭಾಗ ತೆಗೆಯುವ ಮೊದಲು ಫೋಟೋ, ತೆಗೆದ ಮೇಲೆ ಫೋಟೋ. ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿದರೆ ಕೆಟ್ಟಿರಿ. ನಾನು ರಟ್ಟಿನ ಮೇಲೆ ಎಂಜಿನ್ ಕವರಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿತ್ತೋ ಅಲ್ಲೇ ಚುಚ್ಚಿಡುತ್ತಿದ್ದೆ. ಆ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೇಸ್ ಒಡೆಯುತ್ತದೆ. ಜಪಾನಿ ವಿನ್ಯಾಸದ ಬೈಕಾದರೆ ಇನ್ನೊಂದು ಮಾತು. ಅದರ ಪ್ಲಸ್ ಸ್ಕ್ರೂಗಳು ಜೆಐಎಸ್ ಎಂಬ ಜಪಾನಿ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಸರಿಯಾಗಿ ಕೂರದೆ ತಲೆಯನ್ನು ಸವೆಸಿಬಿಡುತ್ತದೆ. ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಒಂದಿದ್ದರೆ ಅರ್ಧ ಜಗಳ ಮುಗಿದ ಹಾಗೆ. ಸೈಲೆನ್ಸರ್ ಬೆಂಡ್ ಹಿಡಿದಿರುವ ಸ್ಟಡ್‌ಗಳಿಗೆ (ತಲೆಯಿಲ್ಲದ ಬೋಲ್ಟುಗಳು) ಮಾತ್ರ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಲ ಹಾಕಿದಾಗ ನಟ್ಟು ರಬ್ಬರಿನ ಹಾಗೆ ಮೆತ್ತಗೆ ತಿರುಗುತ್ತಿದೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಸ್ಟಡ್ ತಿರುಚಿಕೊಂಡು ಮುರಿಯುವ ಸೂಚನೆ ಅದು. ಬಿಸಿ ಮಾಡಿ, ಮತ್ತೆ ಎಣ್ಣೆ ಹಾಕಿ, ಬಿಗಿಸುವ ಕಡೆಗೆ ಸ್ವಲ್ಪ, ಬಿಚ್ಚುವ ಕಡೆಗೆ ಸ್ವಲ್ಪ, ಹೀಗೆ ಒಲಿಸಿಕೊಳ್ಳಬೇಕು.

ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್. ನಿಂತ ಬೈಕು ಸ್ಟಾರ್ಟ್ ಆಗದಿದ್ದರೆ ಬಹಳ ಸಲ ಕಾರಣ ಇಲ್ಲೇ ಇರುತ್ತದೆ. ಪೆಟ್ರೋಲು ಆರಿ ಅಂಟಾಗಿ, ಸಣ್ಣ ದಾರಿಗಳನ್ನೆಲ್ಲ ಮುಚ್ಚಿರುತ್ತದೆ. ಬಿಚ್ಚುವ ಮೊದಲು, ಪೆಟ್ರೋಲು ಗಾಳಿಯ ಲೆಕ್ಕ ಹೊಂದಿಸುವ ಪೈಲಟ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಳ ಮುಟ್ಟಲು ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ಬರೆದಿಡಿ. ನಮ್ಮದು ಒಂದೂಮುಕ್ಕಾಲು ಸುತ್ತು ಹೋಯಿತು. ಕೆಳಗಿನ ಬಟ್ಟಲು ತೆಗೆದಾಗ ತಳದಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಂದು ಪದರ ಇತ್ತು. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್‌ಗಳಲ್ಲಿ ಮೈನ್ ಜೆಟ್‌ನ ತೂತು ದೊಡ್ಡದು, ಅದು ಸುಲಭ. ತೊಂದರೆ ಕೊಡುವುದು ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ಒಂದು ರಾತ್ರಿ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ವೈರಿನ ಒಳಗಿನ ತಾಮ್ರದ ಎಳೆ ಒಂದನ್ನು ಹಾಯಿಸಿ. ಉಕ್ಕಿನ ತಂತಿ ಬೇಡ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಕ್ಲೀನರ್‌ಗೆ ಹಾಕುವ ಮೊದಲು ಓ-ರಿಂಗ್, ಗ್ಯಾಸ್ಕೆಟ್ ಎಲ್ಲ ತೆಗೆದಿಡಿ, ಇಲ್ಲದಿದ್ದರೆ ಊದಿಕೊಳ್ಳುತ್ತವೆ. ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಿ. ಅಲ್ಲಿಂದ ಗಾಳಿ ನುಗ್ಗಿದರೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದಿದ್ದಾಗಿನ ಎಂಜಿನ್ ಓಟ) ಒಂದೇ ಸಮ ಇರುವುದಿಲ್ಲ.

ಟ್ಯಾಂಕಿನ ತುಕ್ಕು ತೆಗೆಯದೆ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ದಂಡ. ಹಳೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಸೋಪು ನೀರಿನಲ್ಲಿ ತೊಳೆದು, ಬಾಯಿತನಕ ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಡಿ. ತುಕ್ಕು ದಪ್ಪಗಿದ್ದರೆ ಒಂದು ಹಿಡಿ ನಟ್ಟುಗಳನ್ನು ಒಳಗೆ ಹಾಕಿ ಅಲ್ಲಾಡಿಸಿ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ಆಮೇಲೆ ನೀರಿಗೆ ಅಡುಗೆ ಸೋಡ ಕರಗಿಸಿ ತೊಳೆದರೆ ಉಳಿದ ಹುಳಿ ಸತ್ತುಹೋಗುತ್ತದೆ. ಇಲ್ಲಿಯವರೆಗೆ ಸರಿಯಾಗಿ ಮಾಡಿ, ಒದ್ದೆ ಟ್ಯಾಂಕನ್ನು ಬೆಳಿಗ್ಗೆ ನೋಡೋಣ ಅಂತ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಅರಿಸಿನ ಬಣ್ಣದ ಹೊಸ ತುಕ್ಕು. ಮೊದಲಿಂದ ಮತ್ತೆ ಮಾಡಬೇಕಾಯಿತು. ಹಾಗಾಗಿ ತೊಳೆದ ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಹರಿಯುವಂತೆ ಹೊರಳಾಡಿಸಿ. ಟ್ಯಾಂಕ್ ತೂತಾಗಿದ್ದರೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ, ಅದು ಸಿಡಿಯುತ್ತದೆ.

ವೈರಿಂಗ್ ನೋಡಿ ಹೆದರಬೇಡಿ. ಒಂದು ಮಲ್ಟಿಮೀಟರ್ ಸಾಕು. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ತೋರಿಸಬೇಕು. ಎಂಜಿನ್ ರೇಸ್ ಮಾಡಿದಾಗ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಹಳೆ ಗಾಡಿಯ ಕರೆಂಟ್ ತೊಂದರೆಗಳಲ್ಲಿ ಬಹುಪಾಲು ಅರ್ಥ್ (ಗ್ರೌಂಡ್ ವೈರ್) ತೊಂದರೆಯೇ. ಫ್ರೇಮಿಗೆ ಬೋಲ್ಟ್ ಆಗಿರುವ ಆ ಕಪ್ಪು ಅಥವಾ ಹಸಿರು ವೈರನ್ನು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಕೆರೆದು ಲೋಹ ಕಾಣುವಂತೆ ಮಾಡಿ. ನಮ್ಮ ಗಾಡಿಯಲ್ಲಿ ಹೆಡ್‌ಲೈಟು, ಹಾರ್ನು ಎರಡೂ ಅಷ್ಟಕ್ಕೇ ಬದುಕಿದವು. ಇಲಿ ಕಡಿದ ವೈರಿಗೆ ಬರೀ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ.

ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಬ್ರೇಕ್ ಮುಗಿಸಿ ಅನ್ನುವುದು ನನ್ನ ಹಟ. ಸ್ಟಾರ್ಟ್ ಆದ ಗಾಡಿಯನ್ನು ಒಂದು ಸುತ್ತು ಓಡಿಸದೆ ಇರಲು ಯಾರಿಗೂ ಆಗುವುದಿಲ್ಲ, ಅಲ್ವಾ? ಡ್ರಮ್ ತೆಗೆದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಸೆಯಿರಿ. ಬ್ರೇಕ್ ಶೂಗಳ ಲೈನಿಂಗ್ ದಪ್ಪ ಕಂಡರೂ ಹೊಸ ಶೂ ಹಾಕಿ, ಹಳೆಯ ಲೈನಿಂಗ್ ಲೋಹದಿಂದ ಕಳಚಿ ಬರಬಹುದು. ಡಿಸ್ಕ್ ಇದ್ದರೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಮೂರೇ ಅಂಕಿ ಇದ್ದರೆ 2000ಕ್ಕೂ ಹಿಂದಿನದು. ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಇಷ್ಟು ಹಳೆಯ ರಬ್ಬರ್ ಮೇಲೆ ಜೀವ ಇಡಬೇಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವಿನಲ್ಲಿ ಒಂದು ಕಡೆ ‘ಟಕ್’ ಅಂತ ಸಿಕ್ಕಿಕೊಂಡರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹೊಸ ಚೈನ್ ಹಾಕುವಾಗ ಲಾಕಿನ ಕ್ಲಿಪ್ಪಿನ ಮುಚ್ಚಿದ ಕಡೆ ಚೈನ್ ಓಡುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ.

ಈಗ ಸ್ಟಾರ್ಟ್. ಹಳೆ ಆಯಿಲ್ ಇಳಿಸಿ ಹೊಸದು ಹಾಕಿ. ಬೈಕಿನ ಆಯಿಲೇ ಹಾಕಿ, ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಇರಲಿ. ಕಾರಿನ ಕೆಲವು ಆಯಿಲ್‌ಗಳಲ್ಲಿ ಕ್ಲಚ್ ಪ್ಲೇಟು ಜಾರುತ್ತದೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ತುದಿಯ ಸಂದು) ಎಂಜಿನ್ ತಣ್ಣಗಿರುವಾಗ ನೋಡಿ, ಅಳತೆ ನಿಮ್ಮ ಬೈಕಿನ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಪ್ಲಗ್ ಇಲ್ಲದೆ ಇಪ್ಪತ್ತು ಮೂವತ್ತು ಸಲ ಕಿಕ್ ಮಾಡಿದರೆ ಆಯಿಲ್ ಮೇಲಿನವರೆಗೆ ಏರುತ್ತದೆ. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಒದೆಯಿರಿ. ನಮ್ಮದು ಒಂಬತ್ತನೆಯ ಕಿಕ್ಕಿಗೆ ಕೆಮ್ಮಿತು, ಹನ್ನೊಂದಕ್ಕೆ ಹಿಡಿಯಿತು. ಮೊದಲು ಬಂದ ದಟ್ಟ ಹೊಗೆ ಬೋರಿಗೆ ಬಿಟ್ಟಿದ್ದ ಎಣ್ಣೆಯದು, ಹತ್ತು ನಿಮಿಷದಲ್ಲಿ ನಿಂತಿತು. ನೀಲಿ ಹೊಗೆ ನಿಲ್ಲದೇ ಇದ್ದರೆ ರಿಂಗು ಅಥವಾ ವಾಲ್ವ್ ಸೀಲ್ ಕೆಲಸ ಇದೆ ಅಂತ ತಿಳಿಯಿರಿ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ.

ಇಷ್ಟಾದ ಮೇಲೆ ನಿಮ್ಮ ಇಷ್ಟದ ರೂಪ ಕೊಡುವ ವಿಚಾರ. ನನ್ನ ಸಲಹೆ, ಮೊದಲು 500 ಕಿಲೋಮೀಟರ್ ಗಾಡಿ ಇದ್ದ ಹಾಗೇ ಓಡಿಸಿ. ಎಲ್ಲಿ ಬೆನ್ನು ನೋಯುತ್ತದೆ, ಯಾವುದು ಅಡ್ಡ ಬರುತ್ತದೆ ಅಂತ ಮೈಗೆ ಗೊತ್ತಾಗಲಿ. ಕೆಫೆ ರೇಸರ್ ಶೈಲಿಯ ಬೈಕು ನೋಡಲು ಚೆಂದ. ಲಂಡನ್ನಿನ ಏಸ್ ಕೆಫೆಯಂಥ ಕಡೆ 1960ರ ಸುಮಾರಿಗೆ ಸೇರುತ್ತಿದ್ದ ಹುಡುಗರು ವೇಗಕ್ಕಾಗಿ ತೂಕ ಇಳಿಸಿ, ಹ್ಯಾಂಡಲ್ ತಗ್ಗಿಸಿದರು. ನಾರ್ಟನ್ ಕಂಪನಿಯ ಫ್ರೇಮಿಗೆ ಟ್ರಯಂಫ್ ಕಂಪನಿಯ ಎಂಜಿನ್ ಕೂರಿಸಿ ‘ಟ್ರೈಟನ್’ ಎಂಬ ಬೈಕು ಮಾಡಿದರು. ಅವರು ಕಿತ್ತದ್ದಕ್ಕೆಲ್ಲ ಒಂದು ಕಾರಣ ಇತ್ತು. ದಿನಾ ಕೆಲಸಕ್ಕೆ ಹೋಗುವ ಗಾಡಿಯ ಹಿಂದಿನ ಮಡ್‌ಗಾರ್ಡ್ ಕಿತ್ತರೆ ಮಳೆಯಲ್ಲಿ ಬೆನ್ನೆಲ್ಲ ಕೆಸರು. ಹಾಗಾಗಿ ನಾನು ಅದನ್ನು ಗಿಡ್ಡ ಮಾಡಿದೆ, ತೆಗೆಯಲಿಲ್ಲ.

ಹ್ಯಾಂಡಲ್ ಬದಲಿಸಿದರೆ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ. ಶಬ್ದ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಅದನ್ನು ಸರಿಮಾಡದೆ ರಸ್ತೆಗೆ ಇಳಿಯಬೇಡಿ. ಸೀಟು ತಗ್ಗಿಸುವವರು ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ, ಅವು ಪೂರ್ತಿ ಒತ್ತಿಕೊಂಡಾಗ ಚಕ್ರ ಬರುವಷ್ಟು ಮೇಲಕ್ಕೆ ಅದನ್ನು ಎತ್ತಿ ನೋಡಿ. ಸೀಟಿನ ತಳಕ್ಕೆ ತಾಗಬಾರದು. ಫ್ರೇಮಿಗೆ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ, ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎರಡರ ಕನೆಕ್ಷನ್ ತೆಗೆಸಿ. ಹ್ಯಾಂಡಲ್ ಕೂರುವ ಕೊರಳಿನ ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಿಸಬೇಡಿ. ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸಿದರೆ ಗಾಳಿ ಜಾಸ್ತಿ ಹೋಗುತ್ತದೆ, ಜೆಟ್ ಅಷ್ಟೇ ಇರುತ್ತದೆ. ಪೆಟ್ರೋಲ್ ಸಾಲದೆ ಎಂಜಿನ್ ಕಾದು ಕೆಂಡವಾಗುತ್ತದೆ. ನಾನು ಎರಡನ್ನೂ ಮೂಲದ್ದೇ ಉಳಿಸಿಕೊಂಡೆ. ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ಪಟಪಟ ಮಿನುಗಿದರೆ ಬಲ್ಬಿನ ತಪ್ಪಲ್ಲ. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದರೆ ಸರಿಹೋಗುತ್ತದೆ. ದೊಡ್ಡ ಬದಲಾವಣೆಗೆ ನಿಮ್ಮ ಕಡೆಯ ನೋಂದಣಿ ನಿಯಮ ಏನಿದೆ ಅಂತ ಮೊದಲೇ ವಿಚಾರಿಸಿ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ಮಾಮೂಲಿ ಸ್ಪ್ರೇ ಡಬ್ಬಿಯ ಬಣ್ಣ ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ. ಮೇಲೆ ಟೂಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣವಿಲ್ಲದ ಲೇಪ) ಬೇಕು, ಅದರ ಹೊಗೆಗೆ ಬಟ್ಟೆಯ ಮಾಸ್ಕ್ ಸಾಲದು. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಈ ಒಂದು ಕೆಲಸವನ್ನು ಬೂತ್ ಇರುವ ಪೇಂಟರ್‌ಗೇ ಕೊಟ್ಟೆ. ಟ್ಯಾಂಕಿನ ಎರಡೂ ಪಕ್ಕ ಮಾವನ ಮೊಣಕಾಲು ಉಜ್ಜಿ ಉಜ್ಜಿ ಬಣ್ಣ ಸವೆದು, ಅಂಗೈಯಗಲ ಲೋಹ ಕಾಣುತ್ತಿತ್ತು. ಅಲ್ಲಿ ಮಾತ್ರ ಬಣ್ಣ ಬೇಡ, ತುಕ್ಕು ತೆಗೆದು ಬರೀ ಕ್ಲಿಯರ್ ಹೊಡೆಯಿರಿ ಅಂದೆ. ನನ್ನ ಪ್ರಕಾರ ಇಡೀ ಗಾಡಿಯಲ್ಲಿ ಅದಕ್ಕಿಂತ ಚೆಂದದ ಭಾಗ ಇಲ್ಲ.

ಮೊದಲ 100 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಒಮ್ಮೆ ಪಾನ ಹಾಕಿ ನೋಡಿ, ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ಕೇಳಿ. ಸಡಿಲಾದದ್ದು ಮಂಕಾಗಿ ನುಡಿಯುತ್ತದೆ. ಪ್ಲಗ್ ಬಿಚ್ಚಿದರೆ ತುದಿ ತಿಳಿ ಕಂದು ಬಣ್ಣ ಇರಬೇಕು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಕಡಿಮೆ. 500ಕ್ಕೆ ಆಯಿಲ್ ಬದಲಿಸಿ, ಹಳೆಯದನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ನುಣ್ಣಗಿನ ಬೂದು ಪುಡಿ ಇದ್ದರೆ ಚಿಂತೆ ಇಲ್ಲ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಎಂಜಿನ್ ಬಿಚ್ಚಲೇಬೇಕು. ನಮ್ಮ ಬಟ್ಟೆಯಲ್ಲಿ ಬೂದು ಪುಡಿ ಮಾತ್ರ ಇತ್ತು. ಅದನ್ನು ಮಾವನಿಗೆ ತೋರಿಸಿದೆ. ಅವರು ಬಟ್ಟೆಯನ್ನು ಬಿಸಿಲಿಗೆ ಹಿಡಿದು ಎರಡೂ ಕಡೆ ನೋಡಿ, ಕೈ ಒರೆಸಿಕೊಂಡು, “ಕೀಲಿ ಕೊಡು” ಅಂದರು.